ಹೊಳೆಗೆ ಎದುರಾಗಿ ಕೆಜಾಯ

ಮೇರಿಯೆಟಾ, ಓಹಾಯೋ
೧೮೬೨ ಅಕ್ಟೋಬರ್ ೨೦

ತಮ್ಮ ಈನಸ್,

ನೀನು ಹಡಗಿನ ಎಂಜಿನಿಯರ್ ಆಗಿ ಹೊರಟ ಮರುದಿನವೇ ಈ ಕಾಗದ ಬರೆಯುತ್ತಿದ್ದೇನೆ. ಹೇಳಬೇಕಾದದ್ದನ್ನು ಹೊಳೆದಂಡೆಯಲ್ಲಿ ಅಷ್ಟು ಜನರ ಎದುರು ಹೇಳಲು ಬಾಯಿ ಬರಲಿಲ್ಲ.

ಮೊದಲು ಊರಿನ ಸುದ್ದಿ. ಅಪ್ಪ ಕಟ್ಟಿ, ಅಮ್ಮನ ಹೆಸರಿಟ್ಟ ಹಡಗು ಯುದ್ಧಕ್ಕೆ ಹೋಗುತ್ತದೆಂದರೆ ಇಲ್ಲಿ ಅರ್ಧ ಜನಕ್ಕೆ ನಗು. ಇಷ್ಟು ದಿನ ಹಿಟ್ಟಿನ ಪೀಪಾಯಿ, ಸೇಬಿನ ಬುಟ್ಟಿ, ಮದುವೆ ದಿಬ್ಬಣ ಹೊತ್ತ ಕೆಜಾಯ ಇನ್ನು ಮೇಲೆ ಫಿರಂಗಿ ಹೊರುತ್ತಾಳಂತೆ ಎಂದು ಎಲ್ಲರದೂ ಒಂದೇ ಮಾತು. ಮುದುಕ ಪೈಲಟ್ ಗಿಡಿಯನ್ ದಂಡೆಯ ಮೇಲೆ ಕೂತು ಕೂಗಿದ: "ಏನಮ್ಮಾ ಲವೀನಾ, ನಿಮ್ಮ ಕೋಳಿಗೂಡು ದಂಡಿಗೆ ಹೋಯ್ತಲ್ಲಾ! ದಕ್ಷಿಣದ ಬಂಡಾಯದೋರು ಬುಟ್ಟಿ ಹಿಡ್ಕೊಂಡು ಮೊಟ್ಟೆ ಹುಡುಕ್ತಾರೆ ನೋಡು." ನಾನು ಬಿಡುತ್ತೇನೆಯೇ? "ಗಿಡಿಯನ್ ಮಾಮಾ, ಆ ಕೋಳಿ ಇಡೋ ಮೊಟ್ಟೆ ಕಬ್ಬಿಣದ್ದು. ನಿಮಗಿರೋ ನಾಕು ಹಲ್ಲು ಜೋಪಾನ" ಎಂದೆ. ದಂಡೆಯೆಲ್ಲ ನಕ್ಕಿತು.

ಈಗ ನಿಜವಾದ ಮಾತು. ನೀನು ಏಮಸ್‌ನ ಸಮಾಧಿಯ ಮುಂದೆ ಕೈಯೆತ್ತಿ ಆಣೆ ಮಾಡಿದ್ದೀಯ. ಬಾಯ್ಲರಿನಲ್ಲಿ ಹಬೆ ಮಿತಿ ಮೀರಿದಾಗ ಅದನ್ನು ಹೊರಗೆ ಬಿಡುವ ಕವಾಟವಿದೆಯಲ್ಲ, ಅದರ ಸನ್ನೆಕೋಲಿನ ಮೇಲೆ ಒಂದು ಗುಲಗಂಜಿ ತೂಕವನ್ನೂ ಇಡುವುದಿಲ್ಲ, ಬೆರಳನ್ನೂ ಊರುವುದಿಲ್ಲ ಎಂದು. ನನ್ನ ಗಂಡ ಏಮಸ್ ಏರಿದ ಹಡಗಿನ ಎಂಜಿನಿಯರ್ ಪಂದ್ಯ ಗೆಲ್ಲುವ ಹುಚ್ಚಿನಲ್ಲಿ, ಹಬೆ ಹೊರಹೋಗದೆ ವೇಗ ಹೆಚ್ಚಲೆಂದು ಆ ಸನ್ನೆಗೆ ದೊಡ್ಡದೊಂದು ಸ್ಪ್ಯಾನರ್ ನೇತುಹಾಕಿ ಮೇಲೆ ವಿಸ್ಕಿ ಕುಡಿಯಲು ಹೋದ. ಬಾಯ್ಲರ್ ಸಿಡಿಯಿತು. ಏಮಸ್‌ನದು ಎಂದು ನನಗೆ ತಂದುಕೊಟ್ಟದ್ದು ಒಂದು ಬೂಟು ಮಾತ್ರ. ನೌಕಾಪಡೆಯವರು ಏನೇ ಆಜ್ಞೆ ಕೊಡಲಿ, ಆ ಸನ್ನೆಯ ವಿಷಯದಲ್ಲಿ ನಿನಗೆ ಆಜ್ಞೆ ಕೊಡುವವಳು ನಾನು.

ಉಣ್ಣೆಯ ಬನಿಯನ್ ಹಾಕಿಕೋ.

ನಿನ್ನ ಅಕ್ಕ
ಲವೀನಾ

•

ಕೈರೋ, ಇಲಿನಾಯ್
೧೮೬೨ ಡಿಸೆಂಬರ್ ೧೪

ಪ್ರೀತಿಯ ಅಕ್ಕಾ,

ನಿನ್ನ ಆಜ್ಞೆ ತಲುಪಿತು. ಬನಿಯನ್ ಹಾಕಿಕೊಂಡಿದ್ದೇನೆ. ಸನ್ನೆಯ ಹತ್ತಿರ ನೊಣ ಕೂತರೂ ಓಡಿಸುತ್ತೇನೆ, ಸಾಕೇ?

ಕೆಜಾಯಳನ್ನು ನೀನು ಈಗ ನೋಡಿದರೆ ಗುರುತು ಹಿಡಿಯಲಾರೆ. ಸೊಂಟದ ಸುತ್ತ ಬೆರಳು ದಪ್ಪವೂ ಇಲ್ಲದ ಕಬ್ಬಿಣದ ತಗಡು ಹೊಡೆದಿದ್ದಾರೆ. ಬಂದೂಕಿನ ಗುಂಡಿಗೆ ಅದು ಸಾಕು. ಫಿರಂಗಿ ಗುಂಡು ಬಂದರೆ ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಹೋಗುತ್ತದೆ, ನಡುವೆ ನಾವು ಇಲ್ಲದಿದ್ದರೆ ಆಯಿತು. ನೀನು ಪರದೆ ಹೊಲಿದು ಹಾಕಿದ್ದ ಕಿಟಕಿಗಳಿಂದ ಈಗ ಫಿರಂಗಿಗಳು ಇಣುಕುತ್ತಿವೆ. ಮೈಗೆಲ್ಲ ಕಪ್ಪು ಬಣ್ಣ. ಆದರೂ ನೀರಿಗೆ ಇಳಿದ ಕೂಡಲೇ ಅದೇ ಹಳೆಯ ನಡೆ, ಅಕ್ಕಾ, ಅಮ್ಮ ಚರ್ಚಿಗೆ ಹೊರಟ ಹಾಗೆ.

ನಮ್ಮ ಕ್ಯಾಪ್ಟನ್ ಟ್ರಾಸ್ಕ್ ಮೇನ್ ರಾಜ್ಯದ ಕರಾವಳಿಯವನು. ಉಪ್ಪುನೀರಿನ ಮನುಷ್ಯ. ಹೊಳೆ ಎಂದರೆ ಸಮುದ್ರದ ಸಣ್ಣ ಮಗು ಎಂದು ತಿಳಿದಿದ್ದ. ಮೊದಲ ಸಂಜೆ ಲಂಗರು ಇಳಿಸಲು ಹೇಳಿದ. ನಮ್ಮ ಹುಡುಗರು ರೂಢಿಯಂತೆ ದಂಡೆಗೆ ಹೋಗಿ ದೊಡ್ಡ ಮರವೊಂದಕ್ಕೆ ಹಗ್ಗ ಕಟ್ಟಿ ಬಂದರು. ಆತ ಕೆಂಪಗಾಗಿ, "ಅಲ್ರಯ್ಯಾ, ಲಂಗರು ಹಾಕಿ ಅಂದ್ರೆ ಎಮ್ಮೆ ಕಟ್ದಂಗೆ ಕಟ್ಟಿದ್ದೀರಲ್ರೋ! ಇದು ಯುದ್ಧದ ಹಡಗೋ, ದನದ ಕೊಟ್ಟಿಗೆಯೋ?" ಎಂದು ರೇಗಿದ. ಹಟ ಹಿಡಿದು ಲಂಗರನ್ನೇ ಇಳಿಸುವಂತೆ ಮಾಡಿದ. ಬೆಳಿಗ್ಗೆ ನೋಡಿದರೆ ಅದು ಹೊಳೆಯ ಕೆಸರಿನಲ್ಲಿ ಹೂತುಹೋಗಿ, ಎಳೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನ. ಅಂದಿನಿಂದ ಆತನೇ ಮರ ತೋರಿಸುತ್ತಾನೆ. ಒಳ್ಳೆಯವನು.

ಸ್ವಲ್ಪ ನೆಗಡಿ ಬಿಟ್ಟರೆ ನಾನು ಕ್ಷೇಮ. ಅಧಿಕಾರಿಗಳ ಪಂಕ್ತಿಯಲ್ಲಿ ಊಟ ಚೆನ್ನಾಗಿದೆ. ಇನ್ನು ಟೆನೆಸಿ ಹೊಳೆಯ ಮೇಲೆ ನಮ್ಮ ಕಾವಲು.

ನಿನ್ನ ತಮ್ಮ
ಈನಸ್

•

ಮೇರಿಯೆಟಾ
೧೮೬೩ ಫೆಬ್ರವರಿ ೯

ಈನಸ್,

ನೆಗಡಿಯಂತೆ! ನಿನ್ನ ಜೊತೆಯಲ್ಲಿದ್ದ ಬಡಗಿ ರಜೆಯ ಮೇಲೆ ಬಂದಿದ್ದ. ನೀನು ಚಳಿಜ್ವರದಲ್ಲಿ ಎರಡು ವಾರ ನಡುಗುತ್ತಾ ಎಂಜಿನ್ ಕೋಣೆಯಲ್ಲೇ ಮಲಗಿದ್ದೆ ಎಂದ. ನನ್ನ ಹತ್ತಿರ ಸುಳ್ಳು ಹೇಳಬೇಕಾದರೆ ಸಾಕ್ಷಿಗಳನ್ನು ಊರಿಗೆ ಕಳಿಸಬಾರದು ಎನ್ನುವಷ್ಟೂ ಬುದ್ಧಿ ಬೇಡವೇ? ಕ್ವಿನೀನ್ ಕಳಿಸಿದ್ದೇನೆ.

ಕೆಜಾಯ ಬಂಡಾಯದವರ ಎರಡು ದೋಣಿ ಹಿಡಿದಳೆಂದು ಪತ್ರಿಕೆಯಲ್ಲಿ ಬಂತು. ಚರ್ಚಿನಲ್ಲಿ ನಾನು ಮುಂದಿನ ಸಾಲಿನಲ್ಲಿ ಕುಳಿತೆ. ಹೆಮ್ಮೆಗೆ ಪಾಪ ತಟ್ಟುತ್ತದೆಂದು ಪಾದ್ರಿ ಹೇಳಿದರು. ತಟ್ಟಲಿ ಬಿಡು ಎನಿಸಿತು.

ನಿಮ್ಮ ಕ್ಯಾಪ್ಟನ್ನಿಗೆ ಹೇಳು, ಹಿಂದಕ್ಕೆ ನಡೆಸುವಾಗ ಅವಳು ಎಡಕ್ಕೆ ಜಗ್ಗುತ್ತಾಳೆ. ಹರಿವಿಗೆ ಎದುರಾಗಿ ಭಾರ ಎಳೆಯಲು ಅವಳಿಂದ ಆಗದು. ಅಪ್ಪನೇ ಹೇಳುತ್ತಿದ್ದ, "ಕೆಜಾಯ ಕುಣೀತಾಳೆ, ಆದ್ರೆ ಮೂಟೆ ಹೊರೋಳಲ್ಲ" ಎಂದು. ಅವಳಿಂದ ಆಗದ ಕೆಲಸ ಹೇಳಬೇಡಿ ಎಂದು ತಿಳಿಸು.

ನಾನು ದಿನಾ ಹೊಳೆದಂಡೆಗೆ ಹೋಗುತ್ತೇನೆಂದು ಯಾರಾದರೂ ಬರೆದರೆ ನಂಬಬೇಡ. ಹಿಟ್ಟು ತರಲು ಹೋಗುತ್ತೇನೆ, ಅಷ್ಟೇ.

ಲವೀನಾ

•

ಟೆನೆಸಿ ಹೊಳೆ, ಕೆಜಾಯ ಹಡಗು
೧೮೬೩ ಮೇ ೨

ಪ್ರೀತಿಯ ಅಕ್ಕಾ,

ನಾನು ಕ್ಷೇಮ. ಕಳೆದ ವಾರ ಒಂದು ಎತ್ತರದ ದಂಡೆಯ ಕೆಳಗೆ ಸ್ವಲ್ಪ ಗಲಾಟೆಯಾಯಿತು. ನಮ್ಮವರ ಒಂದು ಹಡಗಿಗೆ ತೊಂದರೆಯಾಗಿತ್ತು, ಸಹಾಯ ಮಾಡಿದೆವು. ಕೆಜಾಯಳ ಹೊಗೆಕೊಳವೆಗೆ ತೂತು ಬಿದ್ದಿದೆ, ಮತ್ತೇನೂ ಆಗಿಲ್ಲ. ಹವೆ ಚೆನ್ನಾಗಿದೆ. ದಂಡೆಯಲ್ಲಿ ಮರಗಳೆಲ್ಲ ಹೂ ಬಿಟ್ಟಿವೆ. ಕೆಲಸ ಬಹಳ ಇರುವುದರಿಂದ ಈ ಕಾಗದವನ್ನು ಹಡಗಿನ ವೈದ್ಯರ ಸಹಾಯಕರ ಕೈಯಲ್ಲಿ ಬರೆಸುತ್ತಿದ್ದೇನೆ.

ನಿನ್ನ ತಮ್ಮ
ಈನಸ್

•

ಮೇರಿಯೆಟಾ
೧೮೬೩ ಮೇ ೨೫

ಈನಸ್,

ಸಿನ್ಸಿನಾಟಿಯ ಪತ್ರಿಕೆ ನಿನ್ನೆ ಬಂತು. ನಿನ್ನ "ಸ್ವಲ್ಪ ಗಲಾಟೆ" ಅದರಲ್ಲಿ ಒಂದು ಪೂರ್ತಿ ಅಂಕಣ ತುಂಬಿದೆ. ಗಾಯಾಳುಗಳನ್ನು ತುಂಬಿಕೊಂಡಿದ್ದ ಆಸ್ಪತ್ರೆ ಹಡಗಿನ ಎಂಜಿನ್ನಿಗೆ ಗುಂಡು ಬಿದ್ದು, ಅದು ನೇರವಾಗಿ ಬಂಡಾಯದವರ ಫಿರಂಗಿಗಳ ಕಡೆಗೆ ತೇಲಿಹೋಗುತ್ತಿತ್ತಂತೆ. ನಮ್ಮ ಪುಟ್ಟ ಕೆಜಾಯ ತನ್ನ ಎರಡರಷ್ಟಿದ್ದ ಆ ಹಡಗಿಗೆ ಹಗ್ಗ ಹಾಕಿ, ವಸಂತದ ನೆರೆಗೆ ಎದುರಾಗಿ, ಗುಂಡಿನ ಮಳೆಯ ಕೆಳಗೆ, ಹೊಳೆಯ ತಿರುವು ದಾಟುವ ತನಕ ಎಳೆದುಕೊಂಡು ಹೋದಳಂತೆ. ಒಬ್ಬ ಗಾಯಾಳುವೂ ಸಾಯಲಿಲ್ಲವಂತೆ.

ಪಾದ್ರಿ ಪೀಠದ ಮೇಲಿಂದ ಓದಿದರು. ಬ್ಯಾಂಡಿನವರು ನಮ್ಮ ಅಂಗಳದಲ್ಲಿ ನುಡಿಸಿದರು. ಗಿಡಿಯನ್ ಟೊಪ್ಪಿ ತೆಗೆದು, "ಕೋಳಿಗೂಡು ಅಂದಿದ್ದು ವಾಪಸ್ ತಗೊಂಡೆ ಕಣಮ್ಮಾ" ಎಂದ. ನಾನು ಎಲ್ಲರಿಗೂ ಸೇಬಿನ ಪೈ ಹಂಚಿದೆ, ನಕ್ಕೆ, ಕೈ ಕುಲುಕಿದೆ.

ಆಮೇಲೆ ಬಾಗಿಲು ಹಾಕಿಕೊಂಡು ಕುಳಿತೆ. ಏಕೆಂದರೆ ಈ ಊರಿನಲ್ಲಿ ಆ ಹಡಗಿನ ತಾಕತ್ತು ಎಷ್ಟು ಎಂದು ಸರಿಯಾಗಿ ಬಲ್ಲವಳು ನಾನೊಬ್ಬಳೇ. ನೆರೆ ಬಂದಾಗ ಒಂದು ಖಾಲಿ ಕಲ್ಲಿದ್ದಲ ದೋಣಿಯನ್ನು ಎಳೆಯಲು ಹೋಗಿ ಅವಳು ನಿಂತಲ್ಲೇ ಏದುಸಿರು ಬಿಟ್ಟದ್ದನ್ನು ನೀನೂ ನೋಡಿದ್ದೀಯ, ನಾನೂ ನೋಡಿದ್ದೇನೆ. ಕವಾಟ ತನ್ನಷ್ಟಕ್ಕೆ ಹಬೆ ಬಿಡುತ್ತಿದ್ದರೆ ಆ ಭಾರವನ್ನು ಆ ನೀರಿಗೆ ಎದುರಾಗಿ ಅವಳು ಒಂದು ಗಜ ಎಳೆಯಲಾರಳು.

ಸನ್ನೆಗೆ ಏನು ನೇತುಹಾಕಿದೆ, ಈನಸ್?

ಹವೆಯ ವಿಷಯ, ಹೂವಿನ ವಿಷಯ ನನಗೆ ಬೇಡ. ಇದಕ್ಕೆ ಉತ್ತರ ಕೊಡು.

ಲವೀನಾ

•

ಕೆಜಾಯ ಹಡಗು
೧೮೬೩ ಜುಲೈ ೧೧

ಅಕ್ಕಾ,

ಏನನ್ನೂ ನೇತುಹಾಕಲಿಲ್ಲ. ನನ್ನ ಕೈಯಿಂದಲೇ ಅದುಮಿ ಹಿಡಿದೆ. ಆಣೆ ಮುರಿದದ್ದು ನಿಜ. ತಪ್ಪಾಯಿತು ಎಂದು ಬರೆಯಲು ನೋಡಿದೆ, ಆಗುತ್ತಿಲ್ಲ. ಆ ಹಡಗಿನವರ ಕೂಗು ನಮಗೆ ಕೇಳಿಸುತ್ತಿತ್ತು. ಮಿಕ್ಕದ್ದು ಮುಖತಃ.

ಈನಸ್

•

ಮೇರಿಯೆಟಾ
೧೮೬೩ ಆಗಸ್ಟ್ ೩

ಈನಸ್,

ಆರೇ ಸಾಲು. ಅವೂ ಬೇರೆಯವರ ಮುದ್ದಾದ ಅಕ್ಷರದಲ್ಲಿ! ಹೆಸರು ಬಂದ ಕೂಡಲೇ ದೊಡ್ಡ ಮನುಷ್ಯನಾಗಿಬಿಟ್ಟೆ. ಅಕ್ಕನಿಗೆ ಎರಡು ಮಾತು ಬರೆಯಲು ಗುಮಾಸ್ತ ಬೇಕಾಯಿತು. ಏಮಸ್‌ನ ಸಮಾಧಿಯ ಮುಂದೆ ಎತ್ತಿದ ಕೈಯಲ್ಲವೇ ಅದು? ಆ ಕೈಯಿಂದಲೇ ಸನ್ನೆ ಅದುಮಿದೆ. ಅದೇ ಕೈ ಈಗ ಪೆನ್ನು ಹಿಡಿಯಲು ನಾಚುತ್ತಿದೆಯೇ?

ಇನ್ನು ಮುಂದೆ ಬೇರೆಯವರ ಅಕ್ಷರದ ಕಾಗದ ಬಂದರೆ ಒಡೆಯದೆ ಒಲೆಗೆ ಹಾಕುತ್ತೇನೆ. ಬರೆಯುವುದಾದರೆ ನಿನ್ನ ಕೈಯಾರೆ ಬರೆ. ಇಲ್ಲವಾದರೆ ಬರೆಯಬೇಡ.

ಲವೀನಾ

•

ಮೇರಿಯೆಟಾ
೧೮೬೪ ನವೆಂಬರ್ ೨೦

ಈನಸ್,

ಒಂದು ವರ್ಷ ದಾಟಿತು. ನೀನು ಬರೆಯಲಿಲ್ಲ. ಬರೆಯಬೇಡ ಎಂದವಳು ನಾನೇ, ನೀನು ಅದನ್ನು ಇಷ್ಟು ಚೆನ್ನಾಗಿ ಪಾಲಿಸುತ್ತೀಯೆಂದು ತಿಳಿದಿರಲಿಲ್ಲ. ಬೇರೆ ಯಾವ ಮಾತನ್ನೂ ಜೀವಮಾನದಲ್ಲಿ ಹೀಗೆ ಕೇಳಿದವನಲ್ಲ ನೀನು.

ಪತ್ರಿಕೆ ಓದುತ್ತೇನೆ. ಕೆಜಾಯ ಸಾಮಾನು ಹಡಗುಗಳಿಗೆ ಕಾವಲಾಗಿ ಹೋದಳು, ಒಂದನ್ನೂ ಕಳೆದುಕೊಳ್ಳಲಿಲ್ಲ. ಕೆಜಾಯ ದಂಡೆಯಲ್ಲಿ ಅವಿತಿದ್ದ ಕುದುರೆ ಸವಾರರನ್ನು ಓಡಿಸಿದಳು. ಕೆಜಾಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಸಂಸಾರಗಳನ್ನು ಹತ್ತಿಸಿಕೊಂಡು ಬಂದಳು. ಪ್ರತಿ ಸಲ ಆ ಹೆಸರು ಕಂಡಾಗ, ಎಂಜಿನ್ ನಡೆಯುತ್ತಿದೆ, ಹಾಗಾದರೆ ನಡೆಸುವವನೂ ಇದ್ದಾನೆ ಎಂದುಕೊಳ್ಳುತ್ತೇನೆ. ನನಗೆ ಸಿಗುವ ಸಮಾಚಾರ ಅಷ್ಟೇ.

ನಾನು ಹಿಟ್ಟು ತರಲು ದಂಡೆಗೆ ಹೋಗುವುದಿಲ್ಲ, ಈನಸ್. ಮನೆಯಲ್ಲಿ ಹಿಟ್ಟು ಹುಳ ಹಿಡಿಯುವಷ್ಟಿದೆ. ದಕ್ಷಿಣದಿಂದ ಬಂದ ಪ್ರತಿ ಹಡಗಿನಲ್ಲೂ ನಿನ್ನ ಬಗ್ಗೆ ವಿಚಾರಿಸುತ್ತೇನೆ. ಅವರು "ಚೆನ್ನಾಗಿದಾರಮ್ಮಾ" ಎಂದು ಹೇಳಿ ಬೇರೆ ಕಡೆ ನೋಡುತ್ತಾರೆ. ಯಾಕೆ ಬೇರೆ ಕಡೆ ನೋಡುತ್ತಾರೆ?

ಯಾರ ಅಕ್ಷರದಲ್ಲಾದರೂ ಸರಿ, ಬರೆಸು. ಒಲೆಗೆ ಹಾಕುವುದಿಲ್ಲ.

ನಿನ್ನ ಅಕ್ಕ

•

ಮೌಂಡ್ ಸಿಟಿ, ಇಲಿನಾಯ್
೧೮೬೫ ಜೂನ್ ೨೬

ಅಕ್ಕಾ,

ಈ ವಕ್ರ ಅಕ್ಷರ ನೋಡಿ ಕೋಳಿ ಕೆದಕಿದ್ದು ಎಂದುಕೊಳ್ಳಬೇಡ. ಇದು ನನ್ನದೇ. ಈ ಒಂದು ಕಾಗದಕ್ಕೆ ಮೂರು ದಿನ ಹಿಡಿದಿದೆ. ನಿನ್ನ ಕೈಯಾರೆ ಬರೆ ಎಂದಿದ್ದೆಯಲ್ಲ, ಅದಕ್ಕೆ ಇಷ್ಟು ತಡವಾಯಿತು. ಆಮೇಲಿನ ನಿನ್ನ ಕಾಗದವೂ ತಲುಪಿತ್ತು. ಅಷ್ಟು ಹೊತ್ತಿಗೆ ನನಗೆ ಹಟ ಬಂದಿತ್ತು. ನಿನ್ನ ತಮ್ಮನಲ್ಲವೇ?

ಅಂದಿನ ಕಥೆ ಹೇಳುತ್ತೇನೆ. ಆ ಹಡಗಿಗೆ ಹಗ್ಗ ಹಾಕಿದ ಮೇಲೆ ನಮ್ಮ ಚಕ್ರ ತಿರುಗುತ್ತಲೇ ಇತ್ತು, ಆದರೆ ದಂಡೆಯ ಮರಗಳು ಹಿಂದೆ ಸರಿಯುವ ಬದಲು ಮುಂದೆ ಹೋಗುತ್ತಿದ್ದವು. ಎರಡು ಹಡಗೂ ಫಿರಂಗಿಯ ಬಾಯಿಗೆ ಜಾರುತ್ತಿದ್ದವು. ಕ್ಯಾಪ್ಟನ್ ಟ್ರಾಸ್ಕ್ ಮೇಲಿಂದ ಮಾತಿನ ಕೊಳವೆಯಲ್ಲಿ ಕೂಗಿದ: "ಈನಸ್, ಹಗ್ಗ ಕಡಿಸ್ಬಿಡ್ಲೇನಯ್ಯಾ? ಇದ್ದದ್ದು ಇದ್ದ ಹಾಗೆ ಹೇಳು, ನಿನ್ ಮಾತೇ ಕೊನೆ." ಹಗ್ಗ ಕಡಿದರೆ ನಾವು ಉಳಿಯುತ್ತಿದ್ದೆವು. ಹಗ್ಗದ ಆ ತುದಿಯಿಂದ ಕಾಲಿಲ್ಲದವರು, ಕಣ್ಣಿಲ್ಲದವರು ಕೂಗುತ್ತಿದ್ದರು. "ಕಡೀಬೇಡಿ ಸ್ವಾಮಿ, ಸ್ವಲ್ಪ ತಾಳಿ" ಎಂದೆ.

ಸ್ಪ್ಯಾನರ್ ಕೈಗೆ ತೆಗೆದುಕೊಂಡೆ, ನಿಜ. ನೇತುಹಾಕಿದ್ದರೆ ನನ್ನ ಕೈ ಬಚಾವಾಗುತ್ತಿತ್ತು. ಆಗ ಏಮಸ್ ಭಾವ ನೆನಪಾದರು. ನೇತುಹಾಕಿದ ಕಬ್ಬಿಣಕ್ಕೆ ಬಾಯ್ಲರಿನ ಸಂಕಟ ತಿಳಿಯುವುದಿಲ್ಲ, ಅಕ್ಕಾ. ಕೈಗೆ ತಿಳಿಯುತ್ತದೆ. ಹಬೆ ಎಷ್ಟು ಒದೆಯುತ್ತಿದೆ, ಇನ್ನು ಎಷ್ಟು ತಡೆಯುತ್ತದೆ, ಯಾವಾಗ ಬಿಡಬೇಕು ಎಂದು ಅಂಗೈಗೆ ಗೊತ್ತಾಗುತ್ತದೆ. ಅದಕ್ಕೇ ಸ್ಪ್ಯಾನರ್ ಎಸೆದು ಎರಡು ಕೈಯಿಂದಲೂ ಹಿಡಿದೆ. ಒದೆತ ಹೆಚ್ಚಿದಾಗ ಒಂದು ಕೂದಲೆಳೆ ಬಿಡುವುದು, ಮತ್ತೆ ಅದುಮುವುದು. ಕವಾಟದ ಸಂದಿಯಿಂದ ಹಬೆ ನೇರ ಕೈಗೆ ಬರುತ್ತಿತ್ತು.

ನಮ್ಮ ಕಲ್ಲಿದ್ದಲು ಹಾಕುವವನು ಪ್ರೈಮಸ್. ಅದೇ ಹೊಳೆಯ ದಂಡೆಯ ಹತ್ತಿ ತೋಟದಲ್ಲಿ ಗುಲಾಮನಾಗಿದ್ದವನು, ಈಜಿ ಬಂದು ನಮ್ಮ ಹಡಗು ಸೇರಿದ್ದ. ಅವನು ಒಂದು ಕೈಯಲ್ಲಿ ಕಲ್ಲಿದ್ದಲು ಹಾಕುತ್ತಾ, ಇನ್ನೊಂದರಲ್ಲಿ ನನ್ನ ಕೈಗೆ ಹೊಳೆಯ ನೀರು ಸುರಿಯುತ್ತಾ ಬೈಯುತ್ತಿದ್ದ. "ಬಿಡಬೇಡಿ ಬುದ್ದಿ! ಅಲ್ಲಲ್ಲ, ಬಿಟ್ಬಿಡಿ! ಅಯ್ಯೋ, ಚರ್ಮ ಬಂತಲ್ರೀ... ಇರಿ, ಮರ ಹಿಂದಕ್ಕೆ ಹೋಯ್ತು! ಹೋಯ್ತು ನೋಡ್ರೀ!" ಆ ಮರ ಹಿಂದಕ್ಕೆ ಸರಿದದ್ದನ್ನು ನಾನು ನೋಡಲಿಲ್ಲ. ಕೇಳಿಸಿಕೊಂಡೆ. ತಿರುವು ದಾಟಿದೆವು ಎಂದು ಮೇಲಿಂದ ಕೂಗು ಬಂದಾಗ ಬಿಡಬೇಕೆಂದರೆ ಬೆರಳು ಬಿಚ್ಚಲಿಲ್ಲ. ಪ್ರೈಮಸ್ ಒಂದೊಂದಾಗಿ ಬಿಡಿಸಿದ.

ವೈದ್ಯರು ನನ್ನನ್ನು ಮನೆಗೆ ಕಳಿಸಲು ನೋಡಿದರು. ಕ್ಯಾಪ್ಟನ್ ಬಿಡಲಿಲ್ಲ. "ಕೈ ಯಾರದ್ದಾದ್ರೂ ಇರ್ಲಿ, ಎಂಜಿನ್ ಮಾತಾಡೋದು ಇವ್ನ ಕಿವಿ ಹತ್ರ" ಎಂದ. ಎರಡು ವರ್ಷ ನಾನು ಹೇಳಿದೆ, ಪ್ರೈಮಸ್ ತಿರುಗಿಸಿದ. ನೀನು ಪತ್ರಿಕೆಯಲ್ಲಿ ಓದಿದ್ದೆಲ್ಲ ಹಾಗೆ ನಡೆದದ್ದು. ಬಿಡುವಿನಲ್ಲಿ ಕಲ್ಲಿದ್ದಲ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಿಂದ ಇಬ್ಬರೂ ಅಕ್ಷರ ಕಲಿತೆವು. ಅವನು ಮೊದಲ ಸಲ, ನಾನು ಎರಡನೆಯ ಸಲ. ಅವನ ಅಕ್ಷರ ಈಗ ನನ್ನದಕ್ಕಿಂತ ಚೆನ್ನಾಗಿದೆ, ಅದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಾನೆ.

ಯುದ್ಧ ಮುಗಿಯಿತು. ಕೆಜಾಯಳ ಫಿರಂಗಿ ಇಳಿಸಿದ್ದಾರೆ, ಧ್ವಜ ಇಳಿಸುವ ದಿನ ನಾವೆಲ್ಲ ಸಾಲಾಗಿ ನಿಂತೆವು. ಕ್ಯಾಪ್ಟನ್ ಟೊಪ್ಪಿ ತೆಗೆದು ಅವಳ ಚಕ್ರವನ್ನು ತಟ್ಟಿದ. ಇಂಥ ಹಡಗಿನಲ್ಲಿ ಕೆಲಸ ಮಾಡಿದೆ ಎಂದು ಎದೆ ತುಂಬಿತು, ಅಕ್ಕಾ. ಬರುವ ತಿಂಗಳು ಅವಳನ್ನು ಹರಾಜು ಹಾಕುತ್ತಾರೆ.

ನಾನು ಊರಿಗೆ ಬರುವುದಿಲ್ಲ. ಆಣೆ ಮುರಿದ ಕೈ, ಈಗ ಒಂದು ಬೋಲ್ಟನ್ನೂ ತಿರುಗಿಸಲಾರದ ಕೈ. ಇದನ್ನು ತಂದು ನಿನ್ನ ಎದುರು ಹೇಗೆ ಚಾಚಲಿ? ಇಲ್ಲೇ ಹಡಗುಕಟ್ಟೆಯ ಮೇಲೆ ಕಾವಲುಗಾರನ ಕೆಲಸ ಕೊಡುತ್ತಾರಂತೆ. ನನ್ನ ಬಗ್ಗೆ ಚಿಂತೆ ಬೇಡ.

ಈನಸ್

•

ಸಿನ್ಸಿನಾಟಿ ಕಟ್ಟೆ, ಹಡಗಿನ ಮೇಲಿಂದ
೧೮೬೫ ಜುಲೈ ೧೦

ಈನಸ್,

ನಿನ್ನ ಕಾಗದ ಬಂದಾಗ ಗಿಡಿಯನ್ ಅಂಗಳದಲ್ಲಿದ್ದ. ಅಕ್ಷರ ನೋಡಿದ್ದೇ ಅವನ ಕೈಗೆ ಕೊಟ್ಟು ಓದಿಸಿದೆ. ಸನ್ನೆಯ ವಿಷಯ ಬಂದ ಕಡೆ ಅವನು ನಿಲ್ಲಿಸಿ, ಮೆಲ್ಲಗೆ, "ಏಮಸ್‌ನ ಕೊಂದವ್ನೂ ಇದನ್ನೇ ಅಲ್ವೇನಮ್ಮಾ ಮಾಡಿದ್ದು?" ಎಂದ.

"ಅಲ್ಲ ಮಾಮಾ" ಎಂದೆ. "ಅವ್ನು ನೇತುಹಾಕಿ ಕುಡಿಯೋಕೆ ಹೋದ. ನನ್ನ ತಮ್ಮ ಹಿಡ್ಕೊಂಡು ನಿಂತ."

ಅದನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ನನಗೆ ಅರ್ಥವಾಯಿತು. ಏಮಸ್ ಹೋದ ಮೇಲೆ ಆ ಸನ್ನೆಯನ್ನು ನಾನು ದ್ವೇಷಿಸುತ್ತಾ ಬಂದೆ. ದ್ವೇಷಿಸಬೇಕಾದದ್ದು ಅದಕ್ಕೆ ಸ್ಪ್ಯಾನರ್ ನೇತುಹಾಕಿ ಬಿಟ್ಟುಹೋದವನನ್ನು. ಅಂದು ಅವನ ಜಾಗದಲ್ಲಿ ನಿನ್ನಂಥವನು ನಿಂತಿದ್ದರೆ ನನ್ನ ಗಂಡ ಮನೆಗೆ ಬರುತ್ತಿದ್ದ. ನೀನು ನಿಂತದ್ದರಿಂದ ಎಷ್ಟೋ ಹೆಂಗಸರ ಗಂಡಂದಿರು ಮನೆಗೆ ಬಂದರು. ಅವರಿಗೆ ಬೂಟು ತಂದುಕೊಡುವ ಪ್ರಸಂಗ ಬರಲಿಲ್ಲ.

ಆ ಕೈಯನ್ನು ನಾನು ಏನೆಂದು ಹಂಗಿಸಿ ಬರೆದೆ ಎನ್ನುವುದು ನನಗೆ ಅಕ್ಷರ ಅಕ್ಷರವೂ ನೆನಪಿದೆ. ಅದನ್ನು ಕಾಗದದಲ್ಲಿ ತೊಳೆಯಲಾಗದು. ಎದುರಿಗೆ ನಿಂತು ಕ್ಷಮೆ ಕೇಳುತ್ತೇನೆ, ನೀನು ಬೈ, ಕೇಳಿಸಿಕೊಳ್ಳುತ್ತೇನೆ.

ನಿನ್ನ ಕಾಗದವನ್ನು ಭಾನುವಾರ ಚರ್ಚಿನಲ್ಲಿ ನಾನೇ ಎದ್ದು ನಿಂತು ಓದಿದೆ. ಪಾದ್ರಿಗೆ ಅವಕಾಶ ಕೊಡಲಿಲ್ಲ. ಹೆಮ್ಮೆಯ ಪಾಪದ ಬಗ್ಗೆ ಈ ಸಲ ಅವರೂ ಏನೂ ಹೇಳಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ ಇರಲಿಲ್ಲ. ನನಗೆ ತಲೆ ಎತ್ತಿ ನಿಲ್ಲುವುದೇ ಸಾಕಾಗಿತ್ತು.

ಕೆಜಾಯಳನ್ನು ಯಾರು ಬೇಕಾದರೂ ಕೊಂಡುಕೊಳ್ಳಲಿ. ಅವಳು ಎಲ್ಲಿ ಹೋದರೂ ಮರ್ಯಾದೆಯಿಂದ ದುಡಿಯುತ್ತಾಳೆ. ನಿನ್ನನ್ನು ಮಾತ್ರ ನಾನು ಯಾವ ಕಟ್ಟೆಗೂ ಬಿಟ್ಟುಕೊಡುವುದಿಲ್ಲ. ಪ್ರೈಮಸ್‌ಗೂ ಹೇಳು, ನಮ್ಮ ಮನೆಯ ಮೇಲಿನ ಕೋಣೆ ಖಾಲಿ ಇದೆ, ನಮ್ಮ ಹೊಳೆಯಲ್ಲಿ ಹಡಗುಗಳಿಗೆ ಬರವಿಲ್ಲ. ಬರುವುದು ಬಿಡುವುದು ಅವನಿಷ್ಟ, ನಾನು ಕೇಳದೆ ಬಿಡುವವಳಲ್ಲ.

ಈ ಕಾಗದವನ್ನು ಇಲ್ಲಿ ಇಳಿದು ರೈಲಿನ ಟಪಾಲಿಗೆ ಹಾಕುತ್ತಿದ್ದೇನೆ. ನನಗಿಂತ ಮೊದಲೇ ನಿನ್ನನ್ನು ತಲುಪುತ್ತದೆ. ಓಡಿಹೋಗಬೇಕೆಂದರೆ ನಿನಗೆ ಸಮಯವಿದೆ. ಆದರೆ ನೀನು ಹಿಡಿದು ನಿಲ್ಲುವವನು ಎಂದು ಈಗ ಇಡೀ ಊರಿಗೆ ಗೊತ್ತು.

ಉತ್ತರ ಬರೆದು ಕೈ ನೋಯಿಸಿಕೊಳ್ಳಬೇಡ. ನಾನು ಹೊರಟಾಗಿದೆ.

ನಿನ್ನ ಅಕ್ಕ
ಲವೀನಾ